ಬಲಗಡೆಯದು ಸ್ವಲ್ಪ ಹುಳಿ

ನನಗೆ ಎರಡು ಕಿವಿಗಳಿವೆ. ಎರಡರಲ್ಲೂ ತವರಿನವರು ಹಾಕಿದ ಬೆಂಡೋಲೆಗಳಿವೆ. ಅಷ್ಟು ಬಿಟ್ಟರೆ ಆ ಕಿವಿಗಳಿಂದ ನನಗೆ ಹೇಳಿಕೊಳ್ಳುವಂಥ ಉಪಯೋಗವೇನೂ ಆಗಿಲ್ಲ. ಕುಕ್ಕರಿನ ಸೀಟಿ, ಬಾಗಿಲು ಬಡಿದ ಸಪ್ಪಳ, ಆಚೆಮನೆಯ ಜಗಳ, ಇಷ್ಟು ಕೇಳಿಸಿದರೆ ಒಬ್ಬ ಹೆಂಗಸಿನ ಸಂಸಾರ ನಡೆದುಹೋಗುತ್ತದೆ ಎಂದುಕೊಂಡೇ ಅರವತ್ತೆಂಟು ವರ್ಷ ಕಳೆದಿದ್ದೇನೆ. ಹಾಡಿನಲ್ಲಿ ಯಾವುದು ಮೇಲೆ ಹೋಯಿತು, ಯಾವುದು ಕೆಳಗಿಳಿಯಿತು ಎಂಬುದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಮದುವೆಗೆ ಮುಂಚೆ ನೋಡಲು ಬಂದವರು ಒಂದು ಪದ ಹಾಡಮ್ಮಾ ಎಂದಾಗ ನಾನು ಹಾಡಿದೆ. ಅವರು ಚಹಾ ಕೂಡ ಪೂರ್ತಿ ಕುಡಿಯದೆ ಎದ್ದು ಹೋದರು. ಆಮೇಲೆ ಬಂದವರು, ಅಂದರೆ ಈಗಿನ ನಮ್ಮ ಯಜಮಾನರ ಮನೆಯವರು, ಹಾಡಲು ಹೇಳಲಿಲ್ಲ. ಹೀಗಾಗಿ ಲಗ್ನವಾಯಿತು. ಇಂಥ ನನ್ನನ್ನು ಈಗ ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನಲ್ಲಿ ‘ಕಿವಿ ಅಂದರೆ ಅವರದು’ ಎನ್ನುವ ಜನ ಹುಟ್ಟಿಕೊಂಡಿದ್ದಾರೆ. ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ.

ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರಿಗೆ ಮಂಡಿನೋವು, ಕೆಲವರಿಗೆ ದೇವರು. ಇವರಿಗೆ ಸ್ಟೀರಿಯೋ ಹಿಡಿಯಿತು. ಮೊದಲು ಎರಡು ಸ್ಪೀಕರ್ ಬಂದವು. ಜೋಳ ತುಂಬಿದರೆ ಒಂದೊಂದರಲ್ಲಿ ಎರಡು ಚೀಲ ಹಿಡಿಯುವಂಥವು. ಆಮೇಲೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, “ಟ್ಯೂಬ್ ಆಂಪ್ಲಿಫೈಯರ್ ತರಬೇಕಂತ ಮಾಡೇನಿ” ಎಂದರು.

“ಟ್ಯೂಬ್ ತರೂದಿದ್ರ ಅಡಗಿಮನಿಗೂ ಒಂದು ತರ್ರಿ. ಒಂದ್ ವಾರ ಆತು, ಮಿಣಿಮಿಣಿ ಮಾಡಾಕತ್ತದ” ಎಂದೆ.

ಇದು ಆ ಟ್ಯೂಬ್ ಅಲ್ಲವಂತೆ. ಹಳೆಯ ರೇಡಿಯೋದ ಹೊಟ್ಟೆಯಲ್ಲಿ ಇರುತ್ತಿತ್ತಲ್ಲ, ಬದನೆಕಾಯಿಯಷ್ಟು ಗಾಜಿನ ಬುರುಡೆ, ಒಳಗೆ ಕೆಂಪಗೆ ಉರಿಯುವ ತಂತಿ, ಆ ವಾಲ್ವು. ಅದು ಕಾದ ಮೇಲೆಯೇ ಹಾಡು ಬರುವುದು. ಲೋಕವೆಲ್ಲ ಅದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಇವರು ಹುಡುಕಿಕೊಂಡು ಹೊರಟಿದ್ದರು.

“ಈಗಿನ ಮಷೀನಿನ ದನಿ ತಣ್ಣಗಿರತದ ಬೇ. ಇದರ ದನಿ ಬೆಚ್ಚಗಿರತದ.”

“ದನಿ ಬೆಚ್ಚಗಿರೂದು ಹೆಂಗ್ರಿ? ಅದೇನು ಕೌದಿ ಏನು?”

ಇವರು ರೊಟ್ಟಿ ಮುರಿಯುತ್ತ, ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳ ಜೊತೆ ಏನು ಮಾತು ಎನ್ನುವ ಮುಖ ಮಾಡಿದರು. ಇವರು ಹತ್ತನೆಯದರಲ್ಲಿ ಎರಡು ಸಲ ಕೂತವರು. ಆ ಮಾತು ನಾನು ಆಗ ಎತ್ತಲಿಲ್ಲ, ಸಂಜೆ ಎತ್ತಿದೆ.

ಸೊಲ್ಲಾಪುರದ ಒಂದು ಅಂಗಡಿಯಿಂದ ಮೊದಲನೆಯ ಆಂಪ್ಲಿಫೈಯರ್ ಬಂತು. ಫಳಫಳ ಹೊಳೆಯುವ ಕಂಪನಿ ಮಾಲು. ಹದಿನೈದು ದಿನ ಇಟ್ಟು ನೋಡಿ, ಮನಸ್ಸಿಗೆ ಬಾರದಿದ್ದರೆ ವಾಪಸು ಕೊಡಬಹುದೆಂಬ ಕರಾರು. ಎರಡನೆಯದನ್ನು ತಂದವರು ಇಸ್ಮಾಯಿಲ್ ಭಾಯಿ. ಇವರು ಯಜಮಾನರ ಬಾಲ್ಯದ ಗೆಳೆಯರು. ಬಸ್ ಸ್ಟ್ಯಾಂಡಿನ ಎದುರು ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ರೇಡಿಯೋ ಕೇಳುವವರೇ ಇಲ್ಲವಾದ ಮೇಲೆ ಅಂಗಡಿಗೆ ಕೀಲಿ ಬಿತ್ತು. ಆದರೆ ಹಳೆಯ ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಗೆಳೆಯ ಸೊಲ್ಲಾಪುರದಿಂದ ಪೆಟ್ಟಿಗೆ ತಂದನೆಂದು ಗೊತ್ತಾದದ್ದೇ ತಡ, ತಾವೇ ಕೂತು ಒಂದು ಆಂಪ್ಲಿಫೈಯರ್ ಕಟ್ಟಿಕೊಂಡು ಬಂದರು. ಕಬ್ಬಿಣದ ತಳ, ಪಕ್ಕಕ್ಕೆ ಬೇವಿನ ಕಟ್ಟಿಗೆ. ನೋಡಲು ನಮ್ಮ ಅತ್ತೆಯವರ ಹೊಲಿಗೆ ಮಷೀನಿನ ಪೆಟ್ಟಿಗೆಯಂತಿತ್ತು.

ಅದನ್ನು ಪಡಸಾಲೆಯಲ್ಲಿ ಇಳಿಸಿ ಇಸ್ಮಾಯಿಲ್ ಭಾಯಿ ಹೇಳಿದರು: “ದೋಸ್ತಾ, ಒಂದ್ ಮಾತ ಕೇಳು. ಇದು ಆ ಕಂಪನಿದಕ್ಕಿಂತ ಛಲೋ ಇದ್ರ ಇಟ್ಕೋ. ಇಸ್ಮಾಯಿಲ ಪಾಪ ಅಂತ ಇಟ್ಕೊಂಡ್ರ ನಾ ಮತ್ತ ನಿನ್ನ ಮನಿ ಹೊಸ್ತಿಲ ತುಳಿಯೂದಿಲ್ಲ. ಇದು ಪಾಸಾದ್ರ ಅಂಗಡಿ ಕೀಲಿ ತಗೀತೇನಿ. ಆಗಲಿಲ್ಲಂದ್ರ ಮೊಮ್ಮಕ್ಕಳನ್ನ ಆಡಿಸ್ಕೋತ ಕುಂದರ್ತೇನಿ.”

ನಮ್ಮವರು ಇಕ್ಕಟ್ಟಿಗೆ ಸಿಕ್ಕರು. ಗೆಳೆಯನದು ಛಲೋ ಎಂದರೆ ಕನಿಕರವೆಂದು ಅವರು ತಿಳಿಯಬಹುದು. ಕಂಪನಿಯದು ಛಲೋ ಎಂದರೆ ಅವರ ಅಂಗಡಿಯ ಕೀಲಿ ತುಕ್ಕು ಹಿಡಿಯುತ್ತದೆ. ಕೊನೆಗೆ ಇಬ್ಬರೂ ಕೂಡಿ ನನ್ನನ್ನು ಪಂಚಳನ್ನಾಗಿ ಮಾಡಿದರು. ನನಗೆ ಸಂಗೀತ ಗೊತ್ತಿದೆಯೆಂದಲ್ಲ, ಮುಲಾಜು ಗೊತ್ತಿಲ್ಲವೆಂದು. ನನ್ನ ಬಾಯಿ ಅಂಥದು. ಗೊಬ್ಬೂರಿನ ಬೀಗರ ಮನೆಯಲ್ಲಿ ನೂರು ಜನರ ಪಂಕ್ತಿಯಲ್ಲಿ ಕೂತು, “ಹುಗ್ಗಿ ತಳ ಹತ್ಯಾದ್ರಿ” ಎಂದವಳು ನಾನು. ಉಳಿದ ತೊಂಬತ್ತೊಂಬತ್ತು ಜನಕ್ಕೂ ಅದು ಗೊತ್ತಿತ್ತು, ಅವರು ಹೊಗಳುತ್ತ ಉಂಡರು. ಮುಂದೆ ಎರಡು ವರ್ಷ ಬೀಗರು ನಮ್ಮನ್ನು ಯಾವ ಕಾರ್ಯಕ್ಕೂ ಕರೆಯಲಿಲ್ಲ. ಮೂರನೆಯ ವರ್ಷ ಕರೆದಾಗ ಹುಗ್ಗಿ ಬಹಳ ಚೆನ್ನಾಗಿತ್ತು. ಅದನ್ನೂ ಹೇಳಿದೆ.

ನಮ್ಮ ಪಡಸಾಲೆಯ ಗೋಡೆಯಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಗೂಡುಗಳಿವೆ. ಒಂದೊಂದರಲ್ಲೂ ನಡುವೆ ಶಹಾಬಾದ ಕಲ್ಲಿನ ಹಲಗೆ, ಹಲಗೆಯ ಮೇಲಿನ ಖಾನೆಗೆ ಪರದೆ. ಎಡಗೂಡಿನ ಹಲಗೆಯ ಕೆಳಗೆ ಕಂಪನಿಯದನ್ನು, ಬಲಗೂಡಿನ ಹಲಗೆಯ ಕೆಳಗೆ ಇಸ್ಮಾಯಿಲ್ ಭಾಯಿಯದನ್ನು ಇಟ್ಟರು. ಹೊಸ ಆಂಪ್ಲಿಫೈಯರನ್ನು ಕೆಲವು ದಿನ ಆರಿಸದೆ ಹಚ್ಚಿಟ್ಟು ಪಳಗಿಸಬೇಕಂತೆ, ಹೊಸ ಎತ್ತನ್ನು ನೊಗಕ್ಕೆ ಪಳಗಿಸಿದ ಹಾಗೆ. ಎರಡೂ ಹಗಲಿರುಳು ಉರಿಯತೊಡಗಿದವು.

ಅದು ಪುಷ್ಯಮಾಸದ ಚಳಿ. ನಮ್ಮ ಕಡೆ ಬಿಸಿಲಿಗೆ ಹೆಸರು. ಆದರೆ ಆ ಒಂದು ತಿಂಗಳು ಭೀಮೆಯ ಕಡೆಯಿಂದ ಬರುವ ಗಾಳಿಗೆ ಹಾಲು ಹೆಪ್ಪುಗಟ್ಟುವುದಿಲ್ಲ. ಮುಂಜಾನೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಕಂಬಳಿ ಸುತ್ತಿದ್ದೆ, ಜೋಳದ ಚೀಲದಲ್ಲಿ ಹುಗಿದಿದ್ದೆ, ಒಲೆಯ ಪಕ್ಕ ಇಟ್ಟಿದ್ದೆ. ಎರಡನೆಯ ದಿನ ಧೂಳು ಒರೆಸುವಾಗ ಗೂಡಿನ ಕಲ್ಲು ಮುಟ್ಟಿದೆ. ಬಾಣಂತಿಯ ಕೋಣೆಯ ಹಾಗೆ ಬೆಚ್ಚಗಿತ್ತು. ದೇವರು ಕೊಟ್ಟಾಗ ಬಿಡಬಾರದೆಂದು ಎರಡೂ ಕಲ್ಲಿನ ಮೇಲೆ ಒಂದೊಂದು ಕುಡಿಕೆ ಇಟ್ಟು, ಹೆಪ್ಪು ಹಾಕಿ, ಗೂಡಿನ ಪರದೆ ಎಳೆದೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಧೂಳು ಒರೆಸುವ ಅಧಿಕಾರವೂ ಹೋಗುತ್ತಿತ್ತು.

ಮಾರನೆಯ ದಿನ ಎರಡೂ ಕುಡಿಕೆಯಲ್ಲಿ ಮೊಸರು. ಆದರೆ ಒಂದರಂತೆ ಒಂದಿಲ್ಲ. ನಾಲ್ಕು ದಿನ ಹಾಗೇ ನೋಡಿದೆ, ನಾಲ್ಕೂ ದಿನ ಅದೇ ವ್ಯತ್ಯಾಸ. ಐದನೆಯ ದಿನ ಮುಂಜಾನೆ ಇಸ್ಮಾಯಿಲ್ ಭಾಯಿ ಬಂದಿದ್ದರು. ಇಬ್ಬರಿಗೂ ರೊಟ್ಟಿ, ಶೇಂಗಾ ಹಿಂಡಿ, ಎರಡೂ ಕುಡಿಕೆಯ ಮೊಸರು ಹಾಕಿಕೊಟ್ಟು ಒಳಗೆ ಹೋದೆ. ಊಟವಾದ ಮೇಲೆ ಒಂದೇ ಹಾಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಚ್ಚಿ ಕೇಳುತ್ತ ಕೂತಿದ್ದರು. ನಾನು ತಾಟು ಎತ್ತಲು ಬಂದಾಗ ನಮ್ಮವರು ತಡೆದರು.

“ಈಗ ಖರೇ ಹೇಳು. ಮುಲಾಜು ಹಿಡೀಬ್ಯಾಡ. ಯಾವುದು ಛಲೋ ಅದ? ಎಡಗಡೀದೊ, ಬಲಗಡೀದೊ?”

ನನ್ನ ಕೈಯಲ್ಲಿ ಮೊಸರು ಅಂಟಿದ ತಾಟುಗಳಿದ್ದವು. ಓಹೋ, ಕುಡಿಕೆ ಇಟ್ಟದ್ದು ಸಿಕ್ಕಿಬಿತ್ತು ಎಂದುಕೊಂಡೆ. ಸಿಕ್ಕಿಬಿದ್ದ ಮೇಲೆ ಮುಚ್ಚುವುದೇನಿದೆ? ಇದ್ದದ್ದು ಇದ್ದಂತೆ ಹೇಳಿದೆ.

“ಎಡಗಡೀದು ನೋಡಾಕ ಗಟ್ಟಿ, ಆದ್ರ ಸಪ್ಪಗ. ನಾಲಿಗಿಗೆ ಹತ್ತೂದಿಲ್ಲ, ಮನಸಿಗೂ ಹತ್ತೂದಿಲ್ಲ. ಬಲಗಡೀದು ರುಚಿ ಅದ. ಆದ್ರ ಭಾಳ ಕಾಯ್ತದ ನೋಡ್ರಿ. ಕಡೀಕ ಸ್ವಲ್ಪ ಹುಳಿ ಆಗಿ ಒಡೀತದ. ಕಾವು ಒಂದೀಟು ಕಡಿಮಿ ಆದ್ರ ಅದರ ಮುಂದ ಯಾವುದೂ ಇಲ್ಲ.”

ಇಸ್ಮಾಯಿಲ್ ಭಾಯಿ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ವೈನಿ, ಇದು ನಿಮಗ ಹೆಂಗ ಗೊತ್ತಾತ್ರಿ? ವಾಲ್ವಿಗೆ ಕರೆಂಟ್ ಒಂದೀಟು ಜಾಸ್ತಿನೇ ಬಿಟ್ಟೇನಿ. ಅದಕ್ಕ ಕಡೀಕ ದನಿ ಒಡಿಯಾಕತ್ತದ. ನನಗ ಅನುಮಾನ ಇತ್ತು, ಈ ನಿಮ್ಮ ಮನಿಯವಗ ಕೇಳಿದ್ರ ‘ಭಾರಿ ಅದ, ಭಾರಿ ಅದ’ ಅಂತಾನ.”

ಆಗ ನನಗೆ ತಿಳಿಯಿತು, ಇವರು ಕೇಳಿದ್ದು ಹಾಡಿನ ಬಗ್ಗೆ. ‘ನಾನು ಹೇಳಿದ್ದು ಮೊಸರಿಗೆ’ ಎನ್ನಲು ಬಾಯಿ ತೆರೆದೆ. ಇಸ್ಮಾಯಿಲ್ ಭಾಯಿಯ ಮುಖ ನೋಡಿ ತೆರೆದ ಬಾಯಿ ಹಾಗೇ ನಿಂತಿತು. ಅವರನ್ನು ಯಾರೂ ಹೊಗಳದೆ ಬಿಟ್ಟಿರಲಿಲ್ಲ; ಕೀಲಿ ಬಿದ್ದ ಅಂಗಡಿಯವನನ್ನು ಎಲ್ಲರೂ ಹೊಗಳುತ್ತಾರೆ. ಅವರ ಕೆಲಸದಲ್ಲಿ ಒಂದು ತಪ್ಪು ಹುಡುಕಿ ಕೊಟ್ಟವರು ಮಾತ್ರ ಎಷ್ಟೋ ವರ್ಷಗಳಿಂದ ಇರಲಿಲ್ಲ. ಮನುಷ್ಯ ಎದ್ದು ನಿಂತ ರೀತಿಯೇ ಬೇರೆಯಾಗಿತ್ತು. ಅಂಗಿಯ ತೋಳು ಮಡಚಿ, ಆ ಭಾರದ ಪೆಟ್ಟಿಗೆಯನ್ನು ಆರಿಸಿ, ಕೈ ಸುಡುತ್ತಿದ್ದರೂ ಅಪ್ಪಿಕೊಂಡು ಆಟೋ ಹತ್ತಿದರು. ನಾನು ತಾಟು ತೊಳೆಯಲು ಹೋದೆ. ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ನುಂಗಿದ್ದೆ.

ಮೂರು ದಿನದ ಮೇಲೆ ಅವರು ಅದನ್ನು ಸರಿ ಮಾಡಿ ತಂದರು. ನಾನು ಮತ್ತೆ ಕುಡಿಕೆ ಇಟ್ಟೆ. ಮರುದಿನ ಚಮಚದಿಂದ ಕೊಯ್ದರೆ ಮೊಸರು ಕೊಯ್ದಲ್ಲೇ ನಿಂತಿತು, ಹನಿ ನೀರಿಲ್ಲ, ಹುಳಿಯೂ ಇಲ್ಲ. ಅವತ್ತು ಮಧ್ಯಾಹ್ನ ಶೇಂಗಾ ಸುಲಿಯುತ್ತ ಅಡುಗೆಮನೆಯಲ್ಲಿ ಕೂತಿದ್ದೆ. ಪಡಸಾಲೆಯಲ್ಲಿ ಯಾರೋ ಉಸಿರು ಎಳೆದುಕೊಂಡಂತಾಯಿತು. ಯಾರು ಬಂದರೆಂದು ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಯಜಮಾನರು ಹಚ್ಚಿಟ್ಟು ಹೋಗಿದ್ದ ಬಲಗೂಡಿನ ಪೆಟ್ಟಿಗೆಯಲ್ಲಿ ವಚನ ಹಾಡುವ ಹೆಣ್ಣುಮಗಳು ಮುಂದಿನ ಸಾಲಿಗೆ ಮೊದಲು ಉಸಿರು ತೆಗೆದುಕೊಂಡಿದ್ದಳು. ಬಂದವರಿಗೆ ನೀರು ಕೊಡೋಣವೆಂದು ತಂಬಿಗೆ ಹಿಡಿದು ಹೋಗಿದ್ದೆ. ಅದನ್ನು ನಾನೇ ಕುಡಿದು ಬಂದೆ. ಸಂಜೆ ಇಬ್ಬರೂ ಕೇಳಿದಾಗ, “ಬಲಗಡೀದು ಇಡ್ರಿ, ಆ ಕಂಪನಿದು ವಾಪಸ್ ಕೊಡ್ರಿ” ಎಂದೆ. ಮೊಸರಿನ ಸಾಕ್ಷಿಯೂ ಅದೇ ಇತ್ತು, ತಂಬಿಗೆಯ ಸಾಕ್ಷಿಯೂ ಅದೇ ಇತ್ತು. ಇಸ್ಮಾಯಿಲ್ ಭಾಯಿ ಮರುದಿನ ಬಸ್ ಸ್ಟ್ಯಾಂಡಿನ ಎದುರು ಅಂಗಡಿ ತೆರೆದು ಕಸ ಹೊಡೆಯುತ್ತಿದ್ದರೆಂದು ಸುದ್ದಿ ಬಂತು.

ಅಂಗಡಿ ತೆರೆದವರು ಸುಮ್ಮನೆ ತೆರೆಯಲಿಲ್ಲ. ಬಂದ ಗಿರಾಕಿಗೆಲ್ಲ, “ನಮ್ಮ ವೈನಿ ಪಾಸ್ ಮಾಡಿದ ಮಾಲು” ಎಂದು ಹೇಳತೊಡಗಿದರು. ಜೇವರ್ಗಿಯಿಂದ ಒಬ್ಬ ವಕೀಲರು ತಮ್ಮ ಮನೆಯ ಆಂಪ್ಲಿಫೈಯರನ್ನು ಕಾರಿನಲ್ಲಿ ಹಾಕಿಕೊಂಡು ಬಂದು, ಇದರ ದನಿ ಹೇಗಿದೆ, ನೀವೇ ಕೇಳಿ ಹೇಳಬೇಕ್ರಿ ಎಂದು ಕೈ ಮುಗಿದರು. ನಾನು ಎರಡು ನಿಮಿಷ ಅದನ್ನು ದಿಟ್ಟಿಸಿ ನೋಡಿ, “ಎರಡು ದಿವ್ಸ ಇಲ್ಲೇ ಬಿಟ್ಟು ಹೋಗ್ರಿ. ಒಮ್ಮಿಗೇ ಹೇಳಾಕ ಬರೂದಿಲ್ಲ” ಎಂದೆ. ವಕೀಲರಿಗೆ ಕಣ್ಣು ತುಂಬಿ ಬಂತು. ಅದನ್ನು ಮಾರಿದ ಅಂಗಡಿಯವನು ಅವರ ಮಾತನ್ನು ಎರಡು ನಿಮಿಷ ಕೂಡ ಕೇಳಿಸಿಕೊಂಡಿರಲಿಲ್ಲವಂತೆ. ಎರಡು ದಿನದ ಮೇಲೆ ಬಂದಾಗ, “ಇದರಾಗ ಕಾವೇ ಇಲ್ಲ, ನೀರ್ ನೀರ್ ಅದ” ಎಂದು ಹೇಳಿದೆ. “ನಾನೂ ಹಂಗೇ ಅಂದ್ಕೊಂಡಿದ್ದೆ ನೋಡ್ರಿ” ಎಂದು ಅವರು ನೇರ ಇಸ್ಮಾಯಿಲ್ ಭಾಯಿಯ ಅಂಗಡಿಗೆ ಹೋದರು.

ಇದು ಹೀಗೇ ನಡೆಯುತ್ತದೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಮೊನ್ನೆ ಮುಂಜಾನೆ ಯಜಮಾನರು ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದು, ಬಿಸಿ ರೊಟ್ಟಿಯ ಮೇಲೆ ಮೊಸರು ಹಾಕಿಕೊಂಡು, ಬಹಳ ಸಹಜವಾಗಿ ಕೇಳಿದರು:

“ನಾಳೆ ಆಳಂದದ ಕಂಟ್ರಾಕ್ಟರ್ ಎರಡು ಆಂಪ್ಲಿಫೈಯರ್ ತರ್ತಾನಂತ. ಹಾಲಿನವಗ ಅರ್ಧ ಲೀಟರ್ ಜಾಸ್ತಿ ಹೇಳ್ಲೇನು?”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ಯಾವಾಗಿಂದ ಗೊತ್ತದ್ರಿ ನಿಮಗ?”

“ಮೊದಲನೇ ದಿನದಿಂದ. ಪರದಾ ಸರಸಿ ನೋಡಿದ್ದೆ.”

“ಮತ್ತ ಅವತ್ತು ಅವರ ಮುಂದ ನನಗ ಕೇಳಿದ್ರಲ್ಲ?”

“ಯಾರಿಗರೆ ಕೇಳಬೇಕಾಗಿತ್ತಲ್ಲ ಬೇ. ನಲವತ್ತು ವರ್ಷ ಇಂಜಿನ್ ಬಾಜೂಕ ನಿಂತವಗ ಎಡಗಡೀದೇನು, ಬಲಗಡೀದೇನು? ನನಗ ಎರಡೂ ಒಂದೇ ಕೇಳಸ್ತದ. ಮೊಸರಾಗ ಮಾತ್ರ ಫರಕ್ ಗೊತ್ತಾತು.” ಒಂದು ತುತ್ತು ನುಂಗಿ, “ಇಸ್ಮಾಯಿಲಗ ಹೇಳಬ್ಯಾಡ” ಎಂದರು.

ಅರವತ್ತೆಂಟು ವರ್ಷ ಎದುರಿಗೆ ಬಂದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದೆ. ಗಳಿಸಿದ್ದೇನೆಂದರೆ, ಬೀಗರ ಮುನಿಸು ಮತ್ತು ಗಡಸು ಬಾಯಿಯವಳೆಂಬ ಹೆಸರು. ಒಂದೇ ಒಂದು ಸಲ ಬಾಯಿ ಮುಚ್ಚಿದ್ದಕ್ಕೆ ಮೂರು ತಾಲೂಕಿನ ಜನ ಕೈ ಮುಗಿಯುತ್ತಿದ್ದಾರೆ. ಇದರಲ್ಲಿ ನನ್ನ ತಪ್ಪೇನಿದೆ ಎಂದು ಯೋಚಿಸುತ್ತ ಸೀದ ರೊಟ್ಟಿಯನ್ನು ಮಗುಚಿ ಹಾಕಿದೆ.

“ಅರ್ಧ ಸಾಲೂದಿಲ್ರಿ” ಎಂದೆ. “ಎರಡು ಪೆಟಗಿ ಬರ್ತಾವಲ್ಲ, ಒಂದ್ ಲೀಟರ್ ಹೇಳ್ರಿ. ಎಮ್ಮಿ ಹಾಲೇ ಹೇಳ್ರಿ, ಆಕಳ ಹಾಲಿನಾಗ ನನ್ನ ಕಿವಿ ಅಷ್ಟು ಚುರುಕು ಇರೂದಿಲ್ಲ.”