ಮಾವ ಶಾಲಿ ಹುಡ್ಕಿದ್ದ್

ನಮ್ಮ ಮಾವನಷ್ಟು ಶಾಲೆ ಕಂಡವರು ಬೈಂದೂರಿಂದ ಬ್ರಹ್ಮಾವರದ ತನಕ ಹುಡುಕಿದ್ರೂ ಸಿಕ್ಕೂದಿಲ್ಲ. ಓದಿದ್ದು ಮಾತ್ರ ನಾಲ್ಕನೇ ಕ್ಲಾಸು! ನಾನೂ ಏನು ಕಡಿಮೆ ಇಲ್ಲ, ಏಳರಲ್ಲಿ ಬಿಟ್ಟವ. ಚಂದ ಮಾಡಿ ಬರಿಯೂಕೆ ಬತ್ತಿಲ್ಲೆ. ಇದ್ದದ್ದು ಇದ್ದಂಗೆ ಹೇಳ್ತೆ, ಕೇಳಿ.

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಬೊಂಬಾಯಲ್ಲಿ ಹೋಟ್ಲಲ್ಲಿ ದುಡಿದು ಬಂದು, ಸಾಲಿಗ್ರಾಮದ ಹತ್ರ ಹೈವೇ ಬದಿ ಒಂದು ಚಾ ಹೋಟ್ಲು ಇಟ್ಟವರು. ಒಬ್ಳೇ ಮಗಳು, ಶೈಲ. ಅದು ಒಂದನೇ ಕ್ಲಾಸಿಗೆ ಸೇರೂ ಹೊತ್ತಿಗೆ ಚಾ ಕುಡಿಯೂಕೆ ಬಂದ ಯಾವನೋ ಗಿರಾಕಿ ಮಾವನ ತಲೆಗೆ ಹುಳ ಬಿಟ್ಟ. ಒಂದರಿಂದ ಹತ್ತರ ತನಕ ಹಳ್ಳಿ ಶಾಲೇಲಿ, ಅದೂ ಕನ್ನಡದಲ್ಲೇ ಕಲ್ತ್ರೆ, ಮುಂದೆ ಇಂಜಿನಿಯರಿಂಗ್ ಸೀಟಿಗೆ ಎರಡು ಕೋಟಾ ಉಂಟು, ಗ್ರಾಮೀಣದ್ದೊಂದು, ಕನ್ನಡದ್ದೊಂದು ಅಂತ. ಸರಿ, ಊರ ಸರ್ಕಾರಿ ಶಾಲೆಗೆ ಹಾಕಿದ್ರು. ಮಗುವಿಗೆ ಅ ಆ ಬತ್ತಿಲ್ಲೆ, ಮಾವ ಕಾಲೇಜು ಸೀಟು ಹಿಡಿದಾಯ್ತು! ಬಸ್ಸಿನ ಕಿಟಕಿಯಿಂದ ಟವೆಲ್ ಹಾಕ್ತಾರಲ್ಲ, ಹಂಗೆ.

ತಕರಾರು ಬಂದದ್ದು ಎಂಟನೇ ಕ್ಲಾಸಿಗೆ. ಆಚೀಚೆ ಮನೆ ಮಕ್ಕಳೆಲ್ಲ ಹಳದಿ ಬಸ್ಸಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಪುದು ಕಂಡು ಅತ್ತೆ ಹಠ ಹಿಡಿದ್ರು. ಅಲ್ಲಿ ಶಿಸ್ತು ಇದೆಯಂತೆ, ಮಕ್ಕಳು ಟೈ ಕಟ್ತಾರಂತೆ.

"ಬೊಂಬಾಯಲ್ಲ್ ನಮ್ ಹೋಟ್ಲಲ್ಲ್ ಟೈ ಕಟ್ಟುದ್ ಯಾರ್ ಗೊತ್ತಿತ್ತಾ?" ಅಂದ್ರು ಮಾವ. "ವೈಟರ್. ಧಣಿ ಲುಂಗಿ ಉಟ್ಕಂಡೇ ಇಪ್ಪುದ್."

ಅತ್ತೆ ಮೀನು ಸಾರು ಮಾಡೂದೇ ನಿಲ್ಲಿಸಿದ್ರು. ಮಾರನೇ ದಿನವೇ ಮಾವ ಶಾಲಿ ಕಾಂಬುಕೆ ಹೊರಟ್ರು! ಯಾರ ಗಾಡಿ? ನನ್ನ ಗೂಡ್ಸ್ ರಿಕ್ಷಾ. ಯಾರ ಡೀಸೆಲ್ಲು? ಅದನ್ನೂ ನಾನೇ ಹೇಳ್ಕಾ?

ಮಾವ ಶಾಲೆ ಕಾಂಬು ಕ್ರಮವೇ ಬೇರೆ. ಹೋಟ್ಲಿನ ಯೋಗ್ಯತೆ ಗಲ್ಲಾದ ಹತ್ರ ಗೊತ್ತಾಗೂದಿಲ್ಲ, ಹಿಂದೆ ಪಾತ್ರೆ ತೊಳೂ ಜಾಗದಲ್ಲಿ ಗೊತ್ತಾಗೂದು ಅಂತ ಅವರ ಲೆಕ್ಕ. ಶಾಲೆಗೂ ಅದೇ ಲೆಕ್ಕ. ಎದುರಿನ ಗೇಟು, ಹೂವಿನ ಕುಂಡ, ಬಣ್ಣದ ಗೋಡೆ, ಯಾವುದನ್ನೂ ಕಣ್ಣೆತ್ತಿ ನೋಡೂದಿಲ್ಲ. ಸೀದಾ ಹಿಂದೆ! ನಳ ತಿರುಗಿಸೂದು, ಪಾಯಖಾನೆ ಮೂಸೂದು. ಹೆಮ್ಮಾಡಿಯ ಆಚೆ ಒಂದು ದೊಡ್ಡ ಶಾಲೆಯಲ್ಲಿ ವಾಚ್‌ಮನ್ ಓಡಿ ಬಂದ. ಮಾವನ ಲುಂಗಿ ನೋಡಿದ, ನನ್ನ ರಿಕ್ಷಾ ನೋಡಿದ. "ಗುಜ್ರಿ ಎಲ್ಲ ನಿನ್ನೆಯೇ ಕೊಟ್ಟಾಯ್ತ್ ಮಾರ್ರೆ" ಅಂದ.

ಆಫೀಸಿಗೆ ಹೋದ್ರೆ ಅಲ್ಲಿ ಮೇಡಂ ತಂದೆ ತಾಯಿ ಎಷ್ಟು ಓದಿದ್ದು ಅಂತ ಕೇಳಿದ್ರು. ಮಾವ ಬಿಡ್ತಾರಾ? ನೀವು ಎಲ್ಲಿ ಓದಿದ್ದು ಅಂತ ತಿರುಗಿ ಕೇಳಿದ್ರು. ಪಾಪ, ಅವರು ಓದಿದ್ದು ಬಾರ್ಕೂರು ಬದಿಯ ಸರ್ಕಾರಿ ಕನ್ನಡ ಶಾಲೆ. ಅಲ್ಲಿಂದ ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ಬಂದ್ರೆ, ಅಲ್ಲಿನ ಹೆಡ್‌ಮಾಸ್ಟ್ರ ಮಗ ಹೋಗೂದು ಆ ಮೇಡಮ್ಮಿನ ಶಾಲೆಗೆ! ಮಾವ ಬಂದು ರಿಕ್ಷಾ ಹತ್ತಿದ್ರು. "ಇವ್ರ್ ಅಡ್ಗಿ ಇವ್ರೇ ಉಣ್ತಿಲ್ಲೆ ಮಾರಾಯಾ" ಅಂದ್ರು.

ಅಂತೂ ಕೋಟಾದ ಆಸೆಯೇ ಗೆದ್ದಿತು, ಸರ್ಕಾರಿ ಹೈಸ್ಕೂಲೇ ಅಂತ ಆಯ್ತು. ಆಗ ಹೊಸ ಸಂಶಯ. ಆ ಹೈಸ್ಕೂಲು ಇರೂದು ಗಡಿಯಲ್ಲಿ. ಒಂದು ಬದಿ ಪಟ್ಟಣ ಪಂಚಾಯತು, ಒಂದು ಬದಿ ಗ್ರಾಮ ಪಂಚಾಯತು. ಪಟ್ಟಣಕ್ಕೆ ಸೇರಿದ್ರೆ ಗ್ರಾಮೀಣ ಕೋಟಾ ಗೋವಿಂದ! ಮಾವ ಪಂಚಾಯತಿನವರನ್ನು ಕಾಡಿ ಬೇಡಿ ಕರ್ಕಂಡು ಬಂದು ಟೇಪು ಹಿಡಿಸಿದ್ರು. ಕ್ಲಾಸು ಪೂರ್ತಿ ಹಳ್ಳಿಗೆ ಬಂತು, ಪಾಯಖಾನೆ ಮಾತ್ರ ಪಟ್ಟಣಕ್ಕೆ ಹೋಯ್ತು. ಮಾವನಿಗೆ ಅದೂ ಚಿಂತೆಯೇ. ಪಂಚಾಯತಿನವರು ಸಮಾಧಾನ ಹೇಳಿದ್ರು, "ಅಲ್ಲಿ ಕೂಕಂಡ್ ಯಾರೂ ಪರೀಕ್ಷೆ ಬರಿತಿಲ್ಲೆ, ನೀವ್ ಹೆದ್ರಬೇಡಿ."

ಇಷ್ಟೆಲ್ಲ ಅಳೆದು ಸುರಿದ ಮಾವ ಒಂದು ವಿಷಯ ಕೇಳೂದೇ ಮರೆತಿದ್ರು. ಹತ್ತರ ನಂತರ ಪಿಯುಸಿಯಲ್ಲಿ ಸೈನ್ಸು ಪಾಠ ಪೂರಾ ಇಂಗ್ಲಿಷು!

ಶೈಲ ಹತ್ತರಲ್ಲಿ ಶಾಲೆಗೇ ಮೊದಲು ಬಂದದ್ದು. ಕುಂದಾಪುರದ ಕಾಲೇಜಿಗೆ ನಗಾಡ್ತಾ ಹೋಯ್ತು. ಆಮೇಲೆ ಮಾತು ಕಮ್ಮಿ ಆಯ್ತು, ಊಟವೂ ಕಮ್ಮಿ ಆಯ್ತು. ಒಂದು ದಿನ ನಾನು ಅಕ್ಕಿ ಮೂಟೆ ಇಳಿಸಿ ಬರೂವಾಗ ಕಂಡೆ, ಕ್ಲಾಸಿನ ಹೊತ್ತಲ್ಲಿ ಬಸ್‌ಸ್ಟ್ಯಾಂಡಲ್ಲಿ ಬ್ಯಾಗು ತಬ್ಬಿಕೊಂಡು ಕೂತಿತ್ತು. ಸುಮಾರು ದಿನದಿಂದ ಹಂಗೇ ಅಂತೆ. ರಿಕ್ಷಾದಲ್ಲಿ ಕೂರಿಸಿಕೊಂಡು ಹೋಟ್ಲಿಗೆ ಬಂದೆ. ಇವತ್ತು ಇದಕ್ಕೆ ಬೀಳ್ತದೆ ಅಂತ್ಲೇ ಅಂದುಕೊಂಡಿದ್ದೆ.

"ಅಪ್ಪಯ್ಯ, ಅವ್ರ್ ಹೇಳುದ್ ನಂಗ್ ಒಂದೂ ಅರ್ಥ ಆತಿಲ್ಲೆ," ಅಂತು ಅದು. "ನಾನ್ ಕಾಲೇಜಿಗ್ ಹೋತಿಲ್ಲೆ."

ಮಾವ ಬೈಲಿಲ್ಲ. ಚಾ ಸೋಸೂದು ಬಿಟ್ಟು ಅದರ ಎದುರು ಬಂದು ಕೂತ್ರು.

"ನನ್ನ್ ಬೊಂಬಾಯಿಗ್ ಕಳ್ಸಿದಾಗ ನಂಗೂ ಹಿಂದಿ ಬತ್ತಿರ್ಲಿಲ್ಲೆ ಮಗಾ. ಗಿರಾಕಿ ಎಂತ ಕೇಳಿರೂ ನೀರ್ ತಂದ್ ಇಡ್ತಿದ್ದೆ. ಬೈತಿದ್ರ್. ಹಿಂದೆ ಹೋಯಿ ಕಣ್ಣೀರ್ ಹಾಕಿ ಮರ್ಕುದ್, ಮುಖ ತೊಳ್ಕಂಬುದ್, ಮತ್ತೆ ನೀರ್ ತಂದ್ ಇಡುದ್. ನನ್ನವ್ರ್ ಅಂಬವ್ರ್ ಅಲ್ಲಿ ಯಾರೂ ಇರ್ಲಿಲ್ಲೆ."

ಈ ಕತೆ ನಾವು ಯಾರೂ ಅಲ್ಲಿಯವರೆಗೆ ಕೇಳಿರ್ಲಿಲ್ಲ. ಅತ್ತೆ ಕೂಡ.

ಮಾರನೇ ದಿನ ಬೆಳಿಗ್ಗೆ ಹೋಟ್ಲು ಬಂದ್. ಮಾವ ಪ್ಯಾಂಟು ಹಾಕಿಕೊಂಡು ಮಗಳ ಒಟ್ಟಿಗೆ ಬಸ್ ಹತ್ತಿದ್ರು. ಸಂಜೆ ಒಟ್ಟಿಗೇ ಇಳಿದ್ರು. ಅದರ ಮರುದಿನವೂ ಹಾಗೇ. ಶೈಲ ಪಾಸಾಯ್ತು, ಸೀಟೂ ಸಿಕ್ತು, ಕೋಟಾವೂ ಕೆಲಸಕ್ಕೆ ಬಂತು. ಅದೆಲ್ಲ ಆಮೇಲಿನ ಮಾತು.

ಆ ಮಳೆಗಾಲ ಒಮ್ಮೆ ನಾನು ಕಾಲೇಜಿನ ಬದಿ ಲೋಡು ತಕೊಂಡು ಹೋದವ ಒಳಗೆ ಹೊಕ್ಕು ನೋಡಿದೆ. ಮಾವ ಶೈಲನ ಕ್ಲಾಸಿನ ಕಿಟಕಿ ಎದುರು ಮರದ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ರು. ಒಳಗಿನ ಇಂಗ್ಲಿಷು ಇವರಿಗೆ ಎಂತ ಅರ್ಥ ಆಗ್ತದೆ? ಬನ್ನಿ, ವರಾಂಡದಲ್ಲಾದ್ರೂ ಕೂಕಣಿ, ಒದ್ದೆ ಆಗ್ತೀರಿ ಅಂದೆ.

"ಇಲ್ಲ ಮಾರಾಯಾ," ಅಂದ್ರು ಮಾವ, ಕಿಟಕಿಯಿಂದ ಕಣ್ಣು ತೆಗೀದೆ. "ಅಲ್ಲ್ ಕೂತ್ರೆ ಮಗ್ಳಿಗೆ ನಾನ್ ಕಾಂತಿಲ್ಲೆ."