ಗೇಟು ತೆಗೆಸುವ ಹಾರನ್ನು

ಮೈಸೂರಿನಲ್ಲಿ ಯಾದವಗಿರಿಯಂಥ ಯಾದವಗಿರಿ ಬಡಾವಣೆಯನ್ನು ಒಬ್ಬನೇ ಮನುಷ್ಯ ದಿನಾ ಸಂಜೆ ಐದೂವರೆಗೆ ಬೆಚ್ಚಿಬೀಳಿಸುತ್ತಿದ್ದ ಎಂದರೆ ನೀವು ನಂಬುತ್ತೀರಾ? ಆ ಮನುಷ್ಯ ನಮ್ಮ ಚಿಕ್ಕಪ್ಪ. ಪುಂಡರೇನಲ್ಲ, ಮಾರಾಯರೇ! ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುವವರು, ಬೀದಿನಾಯಿಗೂ "ಸ್ವಲ್ಪ ಸರೀರಿ" ಎನ್ನುವಷ್ಟು ಸಾಧುಗಳು.

ತೊಂಬತ್ತರ ದಶಕದ ಮಾತು. ಅವರ ಹಳೇ ಮೋಟಾರ್‌ಸೈಕಲ್ಲು ಒಮ್ಮೆ ನಿಂತಿತೆಂದರೆ ಮತ್ತೆ ಹೊರಡಲು ಹನ್ನೆರಡು ಒದೆ ಬೇಡುತ್ತಿತ್ತು. ಗೇಟಿನೊಳಗೆ ಕಡಿದಾದ ಏರು ಬೇರೆ. ಹಾಗಾಗಿ ಮದುವೆಯಾದಾಗಿನಿಂದ ಒಂದು ಪದ್ಧತಿ: ರಸ್ತೆಯ ತಿರುವಿನಲ್ಲಿ ಚಿಕ್ಕಪ್ಪ ಮೂರು ಸಲ ಹಾರನ್ ಹೊಡೆಯಬೇಕು, ಅಡುಗೆಮನೆಯಿಂದ ಚಿಕ್ಕಮ್ಮ ಬಂದು ಗೇಟು ತೆಗೆದಿರಬೇಕು, ಬೈಕು ನಿಲ್ಲದೆ ಸೀದಾ ವರಾಂಡ ಹತ್ತಬೇಕು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಒಂದು ಸಂಜೆ ಗೇಟು ತೆರೆಯಲಿಲ್ಲ, ಮುಂದಿನ ಚಕ್ರ ಹೋಗಿ ಗೇಟಿಗೆ ನಮಸ್ಕಾರ ಹಾಕಿತು. ಮರುದಿನವೂ ಅದೇ ಕಥೆ.

ಚಿಕ್ಕಮ್ಮನ ಕಿವಿ ಮಂದವಾಗುತ್ತಿದೆ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಅವರೆದುರು ಅದನ್ನು ಆಡುವ ಹಾಗಿರಲಿಲ್ಲ. ಅವರ ತಾಯಿ ಕಿವಿ ಹೋದ ಮೇಲೆ ಮೂಲೆ ಹಿಡಿದು ಕೂತಿದ್ದರು. ಮನೆಯವರು ಅವರನ್ನು ಮಾತಾಡಿಸುವುದನ್ನೇ ಬಿಟ್ಟುಬಿಟ್ಟಿದ್ದರು. ತನ್ನ ಗತಿಯೂ ಹಾಗೇ ಆದರೆ ಎಂಬ ಭಯ ಚಿಕ್ಕಮ್ಮನನ್ನು ಒಳಗೊಳಗೇ ತಿನ್ನುತ್ತಿತ್ತು. ಡಾಕ್ಟರಿಗೆ ತೋರಿಸಬಾರದೇ ಎಂದು ನಮ್ಮಪ್ಪ ಕೇಳಿಯೇಬಿಟ್ಟರು. ಚಿಕ್ಕಪ್ಪ ಎಂದೂ ಇಲ್ಲದ ಗಡಸು ದನಿಯಲ್ಲಿ, "ಅವಳ ಕಿವಿ ನೆಟ್ಟಗಿದೆ ಅಣ್ಣ. ಕೆಟ್ಟಿರೋದು ಹಾರನ್ನು" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹಾರನ್ನಿನ ಕಥೆ ಶುರುವಾಯಿತು! ಮೊದಲು ಕಾರಿನ ಜೋಡಿ ಹಾರನ್ನು ಬಂತು. ಅದನ್ನು ಒತ್ತಿದರೆ ಹೆಡ್‌ಲೈಟು ಮಂಕಾಗುತ್ತಿತ್ತು, ಬಿಟ್ಟರೆ ಬೆಳಗುತ್ತಿತ್ತು. ಹಿನಕಲ್ಲಿನ ಮೆಕ್ಯಾನಿಕ್ ನಡುವೆ ರಿಲೇ ಎಂಬ ಒಂದು ಸ್ವಿಚ್ಚು ಹಾಕಿ ಬ್ಯಾಟರಿಯಿಂದ ನೇರ ಕರೆಂಟು ಕೊಡಬೇಕೆಂದ. ಅವನ ಕೈಗೆ ಬೈಕು ಕೊಡುವುದಕ್ಕೆ ಚಿಕ್ಕಪ್ಪನಿಗೆ ಮನಸ್ಸಿಲ್ಲ. ಎಲ್ಲವನ್ನೂ ಕೇಳಿಕೊಂಡು ಬಂದು, ಕಾಗದ ಸಾಲದೆಂದು ವರಾಂಡದ ನೆಲದ ಮೇಲೆ ಚಿಕ್ಕಮ್ಮನ ರಂಗೋಲಿ ಪುಡಿಯಲ್ಲೇ ವೈರಿಂಗಿನ ನಕ್ಷೆ ಬರೆದಿಟ್ಟು ಮಲಗಿದರು. ಬೆಳಿಗ್ಗೆ ಚಿಕ್ಕಮ್ಮ ನೋಡಿದರು. ಗಂಡ ಏನೋ ರಂಗೋಲಿ ಹಾಕಲು ಹೋಗಿ ಅರ್ಧಕ್ಕೆ ಕೈಬಿಟ್ಟಿದ್ದಾರೆ ಎಂದುಕೊಂಡು, ಬಿಟ್ಟ ಗೆರೆಗಳನ್ನೆಲ್ಲ ಕೂಡಿಸಿ, ನಾಲ್ಕು ಮೂಲೆಗೂ ತಾವರೆ ಬರೆದು, ಅರಿಶಿನ ಕುಂಕುಮ ಹಾಕಿದರು. ಚಿಕ್ಕಪ್ಪ ಸ್ನಾನ ಮುಗಿಸಿ ಬಂದು ಆ ನಕ್ಷೆಯನ್ನು ಚಾಚೂ ತಪ್ಪದೆ ಅನುಸರಿಸಿ ವೈರು ಎಳೆದರು. ತಾವರೆಯನ್ನೂ ಬಿಡಲಿಲ್ಲ!

ಪರಿಣಾಮ? ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಹಾರನ್ನು ತಾನಾಗಿ ಕೂಗತೊಡಗಿತು, ನೆಟ್ಟಗೆ ಮಾಡುವ ತನಕ ನಿಲ್ಲುತ್ತಿರಲಿಲ್ಲ. ಆ ಭಾನುವಾರ ಶ್ರೀರಾಂಪುರದ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಚಿಕ್ಕಪ್ಪ ಬರೀ ಬಲಕ್ಕೆ ತಿರುಗುವ ದಾರಿ ಹುಡುಕಿಕೊಂಡು ಮೈಸೂರನ್ನು ಪ್ರದಕ್ಷಿಣೆ ಹಾಕಿ ಬಂದರು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಮ್ಮ ಬಹಳ ದಿನದ ಮೇಲೆ ಊರು ತೋರಿಸಿದರೆಂದು ಖುಷಿಯಾಗಿದ್ದರು. ಅನ್ನ ಮಾತ್ರ ತಣ್ಣಗಾಗಿತ್ತು.

ಇಷ್ಟಾದರೂ ಗೇಟು ತೆರೆಯಲಿಲ್ಲ. ಸೋತು ಮತ್ತೆ ಮೆಕ್ಯಾನಿಕ್ಕನ ಹತ್ತಿರ ಹೋದರು. ಅವನು ಮೂಲೆಯಲ್ಲಿ ಬಿದ್ದಿದ್ದ ಹಾರನ್ನೊಂದನ್ನು ತೋರಿಸಿ, "ಇದು ಲಾರಿದು ಕಣ್ ಸಾ, ಬೈಕಿಗಲ್ಲ" ಎಂದ. ಚಿಕ್ಕಪ್ಪನ ಮುಖ ಅರಳಿತು. ಬೈಕಿನ ತೂಕಕ್ಕೆ ಸಮವಾಗಿದ್ದ ಬ್ಯಾಟರಿಯ ಸಮೇತ ಅದನ್ನು ಅವನ ಕೈಯಲ್ಲೇ ಕಟ್ಟಿಸಿಕೊಂಡು ಹೊರಟರು. ಹಿನಕಲ್ ಬಸ್ ಸ್ಟಾಪಿನ ಹತ್ತಿರ ಪರೀಕ್ಷೆಗೆಂದು ಒಮ್ಮೆ ಒತ್ತಿದ್ದೇ ತಡ, ಜನ ಚೀಲ ಬಗಲಿಗೇರಿಸಿ, ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಇಳಿದರು. ಬಸ್ಸಿನ ಜಾಗದಲ್ಲಿ ಸಂಸ್ಕೃತದ ಮೇಷ್ಟ್ರು ಹಾದುಹೋದದ್ದನ್ನು ನೋಡಿ ಒಬ್ಬ ಅಜ್ಜಿ ಬಾಯಿಗೆ ಬಂದಂತೆ ಬೈದಳಂತೆ.

ಆದರೆ ನೋಡಿ, ಮರುದಿನದಿಂದ ಗೇಟು ತೆರೆಯತೊಡಗಿತು! ಚಿಕ್ಕಪ್ಪ ಗೆದ್ದುಬಿಟ್ಟರು. ಬೀದಿಯವರು ನಿಯೋಗ ಬಂದರು. ಈ ರಸ್ತೆಯಲ್ಲಿ ಕಂಪ್ಲೇಂಟ್ ಇಲ್ಲದವರು ನಿಮ್ಮ ಮನೆಯವರೊಬ್ಬರೇ ಎಂದು ಎದುರುಮನೆಯ ನಿವೃತ್ತ ಎಂಜಿನಿಯರರು ಕೂಗಾಡಿದರು. ಚಿಕ್ಕಪ್ಪ ಎಲ್ಲರಿಗೂ ಕಾಫಿ ಕೊಡಿಸಿ, ಕಂಪ್ಲೇಂಟ್ ಇದ್ದದ್ದೇ ಅವರದು, ಈಗ ಸರಿಹೋಯಿತು ಎಂದು ಕೈಮುಗಿದು ಕಳಿಸಿದರು. ಎಂಜಿನಿಯರರು ನಮ್ಮಪ್ಪನಿಗೆ ಫೋನ್ ಮಾಡಿದರು, ಅಪ್ಪ ನನ್ನನ್ನು ಅಟ್ಟಿದರು. ಏನಾದರೂ ಮಾಡಿ ಆ ಹಾರನ್ನು ಬಿಚ್ಚಿಸಿಯೇ ಬರಬೇಕೆಂದು ಅಪ್ಪಣೆಯಾಗಿತ್ತು.

ನಾನು ಹೋದಾಗ ಐದೂಕಾಲು. ಚಿಕ್ಕಮ್ಮ ಮುಂದಿನ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಗಾಜಿನ ಮೇಲೆ ಅಂಗೈ ಇಟ್ಟು ಕೂತಿದ್ದರು. ನಾನು ಕರೆದದ್ದು ಅವರಿಗೆ ಕೇಳಲಿಲ್ಲ. ಎದುರಿಗೆ ಹೋಗಿ ನಿಂತಾಗ ಬೆಚ್ಚಿ ನೋಡಿದರು. ಆಮೇಲೆ ಕೈ ತೆಗೆಯದೆಯೇ ಮೆಲ್ಲಗೆ ಹೇಳಿದರು: "ಅವರಿಗೆ ಹೇಳ್ಬೇಡ ಕಣೋ. ನಂಗೆ ಏನೂ ಕೇಳ್ಸಲ್ಲ. ಪಾಪ, ಎಷ್ಟು ಒದ್ದಾಡಿ ಹಾಕ್ಸಿದ್ದಾರೆ. ತಿರುವಲ್ಲಿ ಅವರು ಹೊಡೆದ್ರೆ ಈ ಗಾಜು ಅದುರುತ್ತೆ. ಬಂದ್ರು ಅಂತ ತಿಳ್ಕೋತೀನಿ."

ಅಷ್ಟರಲ್ಲಿ ಗಾಜು ಅದುರಿತು. ಒಂದು, ಎರಡು, ಮೂರು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದರು.

ಬೈಕು ಏರು ಹತ್ತಿ ನಿಂತಿತು. ಚಿಕ್ಕಪ್ಪ ಇಳಿದು, ಚಿಕ್ಕಮ್ಮನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, ಕೇಳಿಸಿತಾ ಎಂದರು. ಕೇಳದೆ ಏನು, ಊರಿಗೇ ಕೇಳುತ್ತೆ ಎಂದು ಚಿಕ್ಕಮ್ಮ ನಕ್ಕರು. ಚಿಕ್ಕಪ್ಪನಿಗೂ ಎಲ್ಲ ಗೊತ್ತು ಎಂದು ನನಗೆ ಆಗ ಅರ್ಥವಾಯಿತು.

ಚಿಕ್ಕಪ್ಪ ನನ್ನ ಕಡೆ ತಿರುಗಿ, ಏನೋ ಬಂದಿದ್ದು ಎಂದರು.

"ಏನಿಲ್ಲ ಚಿಕ್ಕಪ್ಪ. ಹಾರನ್ನು ಇನ್ನೂ ಸ್ವಲ್ಪ ಜೋರಾಗಿದ್ರೆ ಚೆನ್ನಾಗಿತ್ತು ಅಂತ ಹೇಳೋಕೆ ಬಂದೆ."