ದಿವಾಳಿಯಾದವನಿಗೊಂದು ಕಾರು

ಕೈಯಲ್ಲಿ ದುಡ್ಡಿದ್ದಾಗ ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುತ್ತಿರಲಿಲ್ಲ. ದಿವಾಳಿಯಾದ ಮೇಲೆ ವಾರಕ್ಕೊಂದಾದರೂ ನಡೆಯುತ್ತದೆ. ಇದಕ್ಕೆ ನಗಬೇಕೋ ಬೇಡವೋ ಎಂದು ಯೋಚಿಸುವಷ್ಟು ತ್ರಾಣ ನನಗೆ ಉಳಿದಿಲ್ಲ. ನೀವೇ ನೋಡಿಕೊಳ್ಳಿ.

ಶಿಕಾರಿಪುರದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿಯಿತ್ತು. ಊರವರೆಲ್ಲ ಮದುವೆಗೆ ಕಲ್ಯಾಣ ಮಂಟಪ ಹಿಡಿಯತೊಡಗಿದ ವರ್ಷವೇ ನಾನು ಸಾಲ ಮಾಡಿ ಹೊಸ ಕುರ್ಚಿ, ಹೊಸ ಬಟ್ಟೆ, ಜರಿಯ ಪರದೆ ತಂದೆ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ. ಅಂಗಡಿ ಮುಚ್ಚಿದ ಆರು ತಿಂಗಳಿಗೆ ಅವ್ವನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತು. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಕರೆತಂದು ವ್ಯಾಯಾಮ ಮಾಡಿಸಿದರೆ ನಡೆದಾರು, ಬಿಟ್ಟರೆ ಕಷ್ಟ ಎಂದರು ಡಾಕ್ಟರು. ಬಸ್ಸಿನ ಮೆಟ್ಟಿಲು ಅವ್ವನಿಗೆ ಹತ್ತಲಾಗದು. ನಾಲ್ಕು ಸಲ ಬಾಡಿಗೆ ಕಾರು ಮಾಡುವಷ್ಟರಲ್ಲಿ ಮನೆಯಾಕೆಯ ಬಳೆ ಕರಗಿದವು. ಒಂದು ಲಕ್ಷಕ್ಕೆ ಹಳೆಯ ಕಾರೊಂದು ಇದೆ ಎಂದು ಗ್ಯಾರೇಜಿನವನು ಹೇಳಿದ. ನನ್ನ ಹತ್ತಿರ ಇದ್ದದ್ದು ಡ್ರೈವಿಂಗ್ ಲೈಸೆನ್ಸು ಮಾತ್ರ.

೧. ಜಾಮೀನು

ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರಿನಲ್ಲಿ ನನ್ನ ನಂಬರು ಒತ್ತಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಪಾಪ, ಗಾಜಿನ ತಪ್ಪೇನೂ ಇರಲಿಲ್ಲ.

"ಕಾರಿಗಾ?" ಎಂದರು.

"ಹೌದು ಸರ್. ಹಳೇದು."

"ಗಟ್ಟಿ ಮನುಷ್ಯರು ಯಾರಾದ್ರೂ ಜಾಮೀನು ನಿಂತರೆ ನೋಡೋಣ" ಎಂದರು. ನನ್ನನ್ನು ಎಬ್ಬಿಸಿ ಕಳಿಸಲು ಹೇಳಿದ ಮಾತು ಅದು. ನಾನು ನಿಜವೆಂದು ನಂಬಿ ಮರುದಿನವೇ ನನ್ನ ಹಳೆಯ ಗೆಳೆಯನನ್ನು ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಹೋಟೆಲಿದೆ. ಕರೆದ ಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

ಮ್ಯಾನೇಜರು ಅವನ ನಂಬರನ್ನೂ ಒತ್ತಿದರು. "ಏನ್ರೀ, ನಿಮ್ಮದೇ ಎಂಟು ಕಂತು ಬಾಕಿ ಐತಲ್ರೀ?"

ಗೆಳೆಯ ಸ್ವಲ್ಪವೂ ಅಂಜಲಿಲ್ಲ. "ಅದಕ್ಕೆ ಜಾಮೀನು ಕೊಟ್ಟೋರು ಅದಾರಲ್ಲ ಸರ್. ಅವರನ್ನ ಹಿಡೀರಿ."

"ಯಾರ್ರೀ ಕೊಟ್ಟಿದ್ದು?"

ಅವನು ನನ್ನ ಕಡೆ ಕೈ ತೋರಿಸಿದ. ನಾನು ಅದನ್ನು ಮರೆತೇಬಿಟ್ಟಿದ್ದೆ. ಮ್ಯಾನೇಜರು ಬೈಯಲಿಲ್ಲ. ಜವಾನನನ್ನು ಕರೆದು ಇಬ್ಬರಿಗೂ ಟೀ ಹೇಳಿದರು. ಆ ಬ್ಯಾಂಕಿನಿಂದ ನನಗೆ ಮಂಜೂರಾದದ್ದು ಅದೊಂದೇ.

೨. ಇಸ್ತ್ರಿ ಅಂಗಿ

ಇನ್ನು ಉಳಿದದ್ದು ಸೊರಬದ ಕಡೆ, ಕುಪ್ಪಗಡ್ಡೆಯ ಮಾವನ ಮನೆ. ಹೆಣ್ಣು ಕೊಟ್ಟ ಮನೆಯಲ್ಲಿ ಕೈಚಾಚುವುದಕ್ಕಿಂತ ಬೇರೆ ಅವಮಾನ ಬೇಕೆ? ಆದರೂ ಹೊರಟೆ. ಹೊರಡುವ ಮುಂಚೆ ಮನೆಯಾಕೆ ತಾಕೀತು ಮಾಡಿದಳು: "ಸೋತ ಮಾರಿ ಹಾಕ್ಕೊಂಡು ಹೋಗಬ್ಯಾಡ್ರಿ. ಅಪ್ಪಾಜಿ ಕೊಡಾಕೂ ಹೆದರ್ತಾರೆ. ಅಂಗಿ ಇಸ್ತ್ರಿ ಮಾಡೀನಿ, ಒಂದು ಕೇಜಿ ಸ್ವೀಟ್ ತಗೊಂಡು ಹೋಗ್ರಿ."

ಸ್ವೀಟನ್ನು ಉದ್ರಿ ತಂದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಡಬ್ಬಿ ನಜ್ಜಾಗದಂತೆ ಕೂಸಿನ ಹಾಗೆ ಎತ್ತಿಕೊಂಡಿದ್ದೆ. ಅತ್ತೆ ಹೋಳಿಗೆ ಮಾಡಿದರು. ಉಣ್ಣುವಾಗ ಇಂಥ ಮಾತು ಎತ್ತಬಾರದೆಂದು ಸುಮ್ಮನಿದ್ದೆ. ಉಂಡ ಮೇಲೆ ಎಲೆಯಡಿಕೆ ತಟ್ಟೆ ಬಂತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮಾವನೇ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರು ಮತ್ತೆ ಚೇತರಿಸ್ಕೊಂಡಿದ್ದು ನೋಡಿ ಖುಷಿ ಆಯ್ತು. ಅಂಗಿ ನೋಡಿದ ಕೂಡ್ಲೇ ನಿಮ್ಮತ್ತೆ ಹತ್ರ ಹೇಳ್ದೆ."

"ಹಾಂಗೇನಿಲ್ಲ ಮಾವ..."

"ಸಂಕೋಚ ಎಂತಕ್ಕೆ? ನನಗೂ ಸಂಕೋಚವೇ. ಶುಂಠಿ ಬೀಜಕ್ಕೆ ಒಂದು ಐವತ್ತು ಸಾವಿರ ಕಡಿಮೆ ಬೀಳ್ತಾ ಅದೆ. ಹೊರಗಿನವರ ಹತ್ರ ಕೇಳಿದ್ರೆ ನಿಮಗೇ ಬೇಜಾರಾಗ್ತದೆ ಅಂತ ಯಾರನ್ನೂ ಕೇಳಿಲ್ಲ."

ಎಂಟು ಹೋಳಿಗೆ ಹೊಟ್ಟೆಯಲ್ಲಿತ್ತು. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ.

ಮನೆಗೆ ಬಂದಾಗ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಎಷ್ಟು ಕೊಟ್ರು?"

"ಕೊಡೋದು ನಾವು. ಐವತ್ತು ಸಾವಿರ, ಯುಗಾದಿ ಒಳಗೆ."

ಅಂದಿನಿಂದ ಅವಳು ನನ್ನ ಅಂಗಿಗೆ ಇಸ್ತ್ರಿ ಹಾಕಿಲ್ಲ.

೩. ಕುರ್ಚಿ ಸಾಹುಕಾರರು

ಕಾರು ಕೊಳ್ಳಲು ದುಡ್ಡು ಸಿಗಲಿಲ್ಲ, ಆದರೆ ನಾನು ಕಾರು ಕೊಳ್ಳುತ್ತಿದ್ದೇನೆಂಬ ಸುದ್ದಿ ಊರೆಲ್ಲ ಸಿಕ್ಕಿತು. ಮೊದಲು ದೇವಸ್ಥಾನದ ಕಮಿಟಿಯವರು ರಸೀದಿ ಪುಸ್ತಕ ಹಿಡಿದು ಬಂದರು. ಕಾರಿನವರಿಗೆ ಕನಿಷ್ಠ ಐದು ಸಾವಿರವಂತೆ. ಅವರ ಬೆನ್ನಿಗೇ ಕುರ್ಚಿ ಸಾಹುಕಾರರು ಬಂದರು. ನನ್ನ ಅಂಗಡಿಗೆ ಮುನ್ನೂರು ಪ್ಲಾಸ್ಟಿಕ್ ಕುರ್ಚಿ ಉದ್ರಿ ಕೊಟ್ಟು ಇಂದಿಗೂ ಅನುಭವಿಸುತ್ತಿರುವವರು ಇವರೇ.

"ಕಾರಿಗೆ ರೊಕ್ಕ ಐತಿ, ನನಗಿಲ್ಲೇನು?" ಎಂದು ಅಂಗಳದಲ್ಲೇ ಶುರುಮಾಡಿದರು.

"ಇಲ್ಲ ಸಾವ್ಕಾರ್ರೇ. ಕಾರಿಗೂ ಸಾಲನೇ ಮಾಡಬೇಕು."

"ನಿನಗೆ ಇನ್ನೂ ಸಾಲ ಕೊಡೋರು ಅದಾರೇನು? ಅವರ ಹೆಸರು ಹೇಳು, ನಾ ಹೋಗಿ ಎಚ್ಚರ ಮಾಡ್ತೀನಿ."

ಉಳಿದ ಕುರ್ಚಿಗಳನ್ನಾದರೂ ಒಯ್ಯುತ್ತೇನೆಂದು ಒಳಗೆ ನುಗ್ಗಿದರು. ಉಳಿದದ್ದು ಒಂದೇ. ಅದರಲ್ಲಿ ಅವ್ವ ಕೂತಿದ್ದಳು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮಣೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. "ಬಾ ತಮ್ಮಾ, ಕುಂದ್ರು" ಎಂದಳು. ಕೂರಲು ಮನೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ. ಸಾಹುಕಾರರು ಬರಿಗೈಯಲ್ಲಿ ಹೊರಗೆ ಬಂದರು. ಕಾರು ಯಾಕೆಂದು ಕೇಳಿದರು, ಹೇಳಿದೆ. ಹೇಳುವಾಗ ನನಗೆ ಅಳು ಬಂತು, ಅದನ್ನು ಮುಚ್ಚಿಡುವ ಶಕ್ತಿಯೂ ಇರಲಿಲ್ಲ.

"ಲಕ್ಷ ನಾನೇ ಹಾಕ್ತೀನಿ" ಎಂದರು. "ಕಾರು ನನ್ನ ಹೆಸರಿಗೆ ಇರ್ಲಿ. ಶಿವಮೊಗ್ಗಕ್ಕೆ ವಾರಕ್ಕೆರಡು ಸಲ ನನಗೂ ಕೆಲಸ ಇರ್ತೈತಿ, ನಾನೂ ಬರ್ತೀನಿ. ಬಸ್ ಚಾರ್ಜ್ ಉಳಿತೈತಿ."

ನಾನು ಕೈಮುಗಿದೆ. ಅವರು ಮೂರು ಹೆಜ್ಜೆ ಹೋಗಿ ತಿರುಗಿದರು. "ಒಂದು ಮಾತು. ನಾನು ಕೊಟ್ಟೆ ಅಂತ ನನ್ನ ಹೆಂಡತಿಗೆ ಹೇಳಬ್ಯಾಡ. ಕಾರು ನಿನ್ನಿಂದ ಜಪ್ತಿ ಮಾಡಿದ್ದು ಅಂತ ಹೇಳ್ತೀನಿ."

೪. ಮುಂದಿನ ಸೀಟು

ಹೀಗೆ ಕಾರು ಬಂತು. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟವರೂ ಸಾಹುಕಾರರೇ, ಮುಂದೆ ಕೂರಲು ಹೊರಟವರೂ ಅವರೇ. ಅವ್ವನಿಗೆ ಕಾಲು ಚಾಚಲು ಮುಂದೆಯೇ ಬೇಕು. ಒಂದು ಲಕ್ಷ ಹಾಕಿದವನು ಹಿಂದೆ ಕೂರಬೇಕೇ ಎಂದು ಸಾಹುಕಾರರು ಪ್ರತಿ ಸಲವೂ ಗೊಣಗಿ, ನನ್ನ ಹೆಂಡತಿಯ ಪಕ್ಕ ಕೈಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂರುತ್ತಿದ್ದರು.

ಐದು ತಿಂಗಳು ಓಡಾಡಿದೆವು. ಅವ್ವ ನನ್ನ, ಮನೆಯಾಕೆಯ ಹೆಗಲು ಬಿಟ್ಟು ಒಂದು ಹೆಜ್ಜೆಯೂ ಇಡಲಿಲ್ಲ. ಕಾಲಿನಲ್ಲಿ ಬಲ ಬಂದಿದೆ, ಹೆದರಿಕೆ ಹೋಗಿಲ್ಲ ಎಂದರು ಡಾಕ್ಟರು. ಇನ್ನೂ ಎಷ್ಟು ದಿನ ಎಂದು ಕೇಳಲು ನನಗೇ ಭಯ. ಆಸೆಯೂ ಉದ್ರಿ ತಂದದ್ದೇ ಅನ್ನಿಸತೊಡಗಿತ್ತು.

ಮೊನ್ನೆ ಒಂದು ದಿನ ವ್ಯಾಯಾಮ ಮುಗಿಸಿ ಆಸ್ಪತ್ರೆಯ ಬಾಗಿಲಿಗೆ ಅವ್ವನನ್ನು ತಂದು ನಿಲ್ಲಿಸಿದೆವು. ಕಾರು ಎದುರಿಗೇ ಇತ್ತು. ಸಾಹುಕಾರರು ತಮ್ಮ ಕೆಲಸ ಬೇಗ ಮುಗಿಸಿ ಬಂದಿದ್ದರು. ಬಂದು, ಯಾರೂ ಇಲ್ಲವೆಂದು, ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು.

ಅವ್ವ ನೋಡಿದಳು. ನನ್ನ ಹೆಗಲ ಮೇಲಿನ ಕೈ ತೆಗೆದಳು. ಸೊಸೆಯ ಕೈಯನ್ನೂ ಕೊಡವಿದಳು. ಎಡಗಾಲು ಎಳೆಯುತ್ತ, ವಾಲುತ್ತ, ಒಂದು, ಎರಡು, ಏಳು ಹೆಜ್ಜೆ ನಡೆದು ಕಾರಿನ ಬಾಗಿಲು ಹಿಡಿದಳು.

"ಏಳು ತಮ್ಮಾ, ಅದು ನನ್ನ ಜಾಗ."

ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕಣ್ಣಿಗೆ ಕಾರೇ ಕಾಣದಂತಾಯಿತು. ಸಾಹುಕಾರರು ಕಡಲೆಕಾಯಿ ಸಿಪ್ಪೆ ಕೊಡವಿ ಇಳಿದರು, ಬಾಗಿಲು ಹಿಡಿದು ನಿಂತರು. ಅವರ ಕಣ್ಣೂ ಒದ್ದೆಯಾಗಿತ್ತು. ಆದರೂ ವ್ಯಾಪಾರದ ಮನುಷ್ಯ ನೋಡಿ.

"ಐದು ತಿಂಗಳು ಡಾಕ್ಟರ ಕೈಲಿ ಆಗದ್ದನ್ನ ನಾ ಮಾಡೀನಿ" ಎಂದರು ನನಗೆ. "ಅವರಿಗೆ ಕೊಡೋ ಫೀಸು ಇವತ್ತಿಂದ ನನ್ನ ಲೆಕ್ಕಕ್ಕೆ ಹಾಕು."

ಅವ್ವ ಆಗಲೇ ಸೀಟಿನಲ್ಲಿ ಕೂತು ಬೆಲ್ಟು ಎಳೆಯುತ್ತಿದ್ದಳು.

"ಲೆಕ್ಕ ಹಿಂದೆ ಕುಂತು ಮಾಡಪ್ಪ" ಎಂದಳು. "ಆ ಕಡಲೆಕಾಯಿ ಪೊಟ್ಟಣ ಮಾತ್ರ ಇಲ್ಲೇ ಕೊಟ್ಟು ಹೋಗು."